ಗುಡ್ಡದ ರಾಕ್ಷಸಿ

ಶವಸಂಸ್ಕಾರಕ್ಕೆಂದು ಚರ್ಚಿನ ಬಾಗಿಲಲ್ಲಿ ಹರಡಿದ್ದ ಹಸಿ ಸ್ಪ್ರೂಸ್ ಟೊಂಗೆಗಳನ್ನು ತುಳಿದುಕೊಂಡು ತೆಕ್ಲಾ ಒಳಗೆ ಬಂದಾಗ ಗಂಟೆ ಹೊಡೆಯುವ ಆಲ್ಗೊಟ್ ಅಡ್ಡ ನಿಂತ.

"ಹಿಂದಿನ ಬೆಂಚಲ್ಲೇ ಕೂತ್ಕೋ ತೆಕ್ಲಾ. ಮುಂದೆಲ್ಲಾ ಪುಸ್ತಕ ಅಚ್ಚು ಹಾಕೋ ಸ್ಟಾಕ್‌ಹೋಮ್‌ನೋರು."

"ಮೂವತ್ತು ವರ್ಷ ಅವನ ಎದುರಿಗೇ ಕೂತು ಸೊಂಟ ಬಿದ್ದೋಗಿದೆ. ಇವತ್ತು ಹಿಂದೆ ಹೋಗಂತೀಯಾ? ಸರಿಯೋ ಅತ್ಲಾಗೆ."

ಆಲ್ಗೊಟ್ ಸರಿದ. ಅವಳ ಬಾಯಿಗೆ ಎದುರಾಡಿ ಗೆದ್ದವರು ನಮ್ಮೂರಲ್ಲಿಲ್ಲ.

ಶವಪೆಟ್ಟಿಗೆಯಲ್ಲಿ ಮಲಗಿದ್ದವನು ಎವಾಲ್ಡ್. ಮಕ್ಕಳ ಕ್ರಿಸ್‌ಮಸ್ ಪುಸ್ತಕಗಳಿಗೆ ಚಿತ್ರ ಬರೆದೂ ಬರೆದೂ ಬೆನ್ನು ಬಾಗಿದವನು. ಕೆರೆ, ಬರ್ಚ್ ಮರ ಬರೆಯಬೇಕೆಂಬ ಆಸೆ ಅವನಿಗಿತ್ತು. ಸ್ಟಾಕ್‌ಹೋಮಿನವರಿಗೆ ಬೇಕಾದದ್ದು ರಾಕ್ಷಸಿ. ರಾಜಕುಮಾರಿಯರು ವರ್ಷಕ್ಕೊಬ್ಬರಂತೆ ಬದಲಾದರೂ ಗುಡ್ಡದ ರಾಕ್ಷಸಿಯ ಚಿತ್ರಕ್ಕೆ ಎದುರು ಕೂರುತ್ತಿದ್ದವಳು ಮಾತ್ರ ಯಾವಾಗಲೂ ತೆಕ್ಲಾಳೇ. ಅದೇ ದಪ್ಪ ಮೂಗು, ಅದೇ ಜೋತುಬಿದ್ದ ತುಟಿ. ದಾರಿಯಲ್ಲಿ ಅವಳನ್ನು ಕಂಡರೆ ಮಕ್ಕಳು ಓಡುತ್ತಿದ್ದವು. ಒಂದೆರಡು ಸಲ ಬಂದಿದ್ದ ಮದುವೆಯ ಮಾತೂ ಆಮೇಲೆ ನಿಂತುಹೋಯಿತು.

ಅಪ್ಪನ ಕಾಯಿಲೆ ಮಗಳು ಆಲ್ಫ್‌ಹಿಲ್ಡ್‌ಳನ್ನು ಹಿಂಡಿ ಹಿಪ್ಪೆ ಮಾಡಿತ್ತು. ಅಳುವುದಕ್ಕೂ ತ್ರಾಣವಿರಲಿಲ್ಲ. ಉಳಿದದ್ದು ಒಂದೇ ಭಯ. ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರೇ ಪೆಟ್ಟಿಗೆಯ ಹತ್ತಿರ ಹೋಗಿ, ಹೂವಿಟ್ಟು, ಸತ್ತವನಿಗೆ ಒಂದು ಮಾತು ಹೇಳಿ ಬೀಳ್ಕೊಡಬೇಕು. ತೆಕ್ಲಾ ಏನು ಹೇಳುತ್ತಾಳೋ?

"ಎಲ್ಲರೆದುರು ಶಾಪ ಹಾಕಿಬಿಟ್ರೆ ಏನತ್ತೆ ಮಾಡೋದು?" ಎಂದು ಪಕ್ಕದಲ್ಲಿದ್ದ ಸೋದರತ್ತೆಯ ಕಿವಿಯಲ್ಲಿ ಪಿಸುಗುಟ್ಟಿದಳು.

"ಹಾಕ್ಲಿ ಬಿಡೇ. ನಿಮ್ಮಪ್ಪ ಅವಳ ಮುಖ ತಗೊಂಡು ರಾಕ್ಷಸಿ ಮಾಡಿದ, ಅವಳನ್ನ ಒಂದು ಮಾತು ಕೇಳಿದ್ನಾ?"

*

ಚಿತ್ರಕ್ಕೆ ಕೂರಲು ಎವಾಲ್ಡ್ ಮೊದಲ ಸಲ ಕರೆದಾಗ ತೆಕ್ಲಾ ಇನ್ನೂ ಹಾಲು ಕರೆಯುವ ಹುಡುಗಿ. ತಲೆಗೆ ಸ್ನಾನ ಮಾಡಿ, ಅಮ್ಮನ ಬೆಳ್ಳಿ ಪಿನ್ನು ಸಿಕ್ಕಿಸಿಕೊಂಡು ಹೋಗಿದ್ದಳು. ಡಿಸೆಂಬರಿನಲ್ಲಿ ಪುಸ್ತಕ ಬಂದಾಗ ರಾಜಕುಮಾರಿಯರಲ್ಲಿ ತನ್ನನ್ನು ಹುಡುಕಿದಳು. ಸಿಕ್ಕಿದ್ದು ಕೊನೆಯ ಪುಟದಲ್ಲಿ, ಗವಿಯ ಬಾಯಲ್ಲಿ, ಕದ್ದ ಮಗುವನ್ನು ಕಂಕುಳಲ್ಲಿ ಇರುಕಿಕೊಂಡು. ಕೊಟ್ಟಿಗೆಗೆ ಹೋಗಿ ಅತ್ತಳು.

ಆದರೂ ವಸಂತದಲ್ಲಿ ಮತ್ತೆ ಅವನ ಎದುರು ಕೂರಲು ಹೊರಟಳು.

"ಮಾನ ಮರ್ಯಾದೆ ಇಲ್ವೇನೇ ನಿಂಗೆ?" ಎಂದು ಅಮ್ಮ ಬೈದಳು. ತೆಕ್ಲಾ ಹೊಸಿಲು ದಾಟಿದಳು.

*

ಹೂವಿಡಲು ತೆಕ್ಲಾಳ ಸರದಿ ಬಂತು. ಆಲ್ಫ್‌ಹಿಲ್ಡ್ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಎವಾಲ್ಡಾ," ಎಂದಳು ತೆಕ್ಲಾ, ಇಡೀ ಚರ್ಚಿಗೆ ಕೇಳುವಂತೆ. "ನನ್ನ ಕಂಡೋರೆಲ್ಲ ಮುಖ ಆ ಕಡೆ ತಿರುಗಿಸ್ಕೊಂಡು ಹೋಗ್ತಿದ್ರು. ನೀನೊಬ್ಬ ದಿನಗಟ್ಲೆ ನೋಡ್ತಿದ್ದೆ. ಇನ್ಮೇಲೆ ನನ್ನನ್ನ ಯಾರಯ್ಯಾ ನೋಡ್ತಾರೆ?"

ಸ್ಟಾಕ್‌ಹೋಮಿನವರು ನೆಲ ನೋಡಿದರು. ಊರಿನವರಾದ ನಾವೂ ನೆಲವನ್ನೇ ನೋಡಿದೆವು.

ಆಲ್ಫ್‌ಹಿಲ್ಡ್ ಬೆಂಚಿಗೆ ಕೈಯೂರಿ ಎದ್ದಳು. ಪೆಟ್ಟಿಗೆಯ ಆಚೆ ಬದಿಗೆ ನಡೆದು, ತೆಕ್ಲಾಳ ಎದುರು ನಿಂತು, ಅವಳ ಮುಖವನ್ನೇ ನೋಡತೊಡಗಿದಳು. ಹೂವು ಹಿಡಿದವರ ಸಾಲು ಕಾಯುತ್ತಿತ್ತು. ಪಾದ್ರಿ ಒಮ್ಮೆ ಕೆಮ್ಮಿದರು. ತೆಕ್ಲಾ ತಲೆವಸ್ತ್ರ ಬಿಚ್ಚಿದಳು. ಗದ್ದವನ್ನು ತುಸು ಬೆಳಕಿನ ಕಡೆಗೆ ತಿರುಗಿಸಿ, ಅಲುಗಾಡದೆ ನಿಂತಳು.