ಹೊಸ್ತಿಲ ಮೇಲಿನ ಚಿತ್ರ

ಊರಿಗೆಲ್ಲ ಗೊತ್ತಿರುವುದು ನನಗೊಬ್ಬಳಿಗೇ ಮರೆತುಹೋಗುತ್ತದೆ. ಸರ್ಕಾರಿ ನೌಕರಿಯ ಪರೀಕ್ಷೆಯನ್ನು ಎರಡು ಸಲ ಬರೆದು, ಎರಡೂ ಸಲ ಸಂವಿಧಾನದ ವಿಧಿಗಳಲ್ಲೇ ಮುಗ್ಗರಿಸಿದ್ದೆ. ಮೂರನೆಯ ಸಲಕ್ಕೆಂದು ಅಗಡಿಯಿಂದ ದಿನಾ ಬಸ್ಸು ಹತ್ತಿ ಹಾವೇರಿಯ ತರಬೇತಿ ಕ್ಲಾಸಿಗೆ ಹೋಗತೊಡಗಿದೆ. ಅಲ್ಲಿ ಪಾಠ ಹೇಳುವ ಮನೋಹರ ಸರ್ ನೆನಪಿಡಲು ಒಂದು ಉಪಾಯ ಹೇಳಿಕೊಟ್ಟರು.

"ಸಾದಾ ಚಿತ್ರ ತಲ್ಯಾಗ ನಿಲ್ಲಂಗಿಲ್ಲ, ದುರ್ಗಾ. ನಿಮ್ಮ ಮನೀನ ಕಣ್ಣ ಮುಂದ ತಂದ್ಕೋ. ಒಂದೊಂದು ಮೂಲ್ಯಾಗ ಒಂದೊಂದು ವಿಧಿ ಇಡು. ಜೀವ ಝಲ್ ಅನ್ನಬೇಕು, ಅಂಥಾ ಚಿತ್ರ ಇರಲಿ."

ನಾನೋ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳು. ಮನಸ್ಸಿನೊಳಗಿನ ಅಡುಗೆಮನೆಯಲ್ಲಿ ಅಜ್ಜಿ ಶೇಖವ್ವನ ಸೆರಗಿಗೆ ಬೆಂಕಿ ಹಚ್ಚಿದೆ. ಅಜ್ಜಿ ಮೊದಲು ಮೂರು ಸಲ, ಆಮೇಲೆ ಐದು ಸಲ, ಕೊನೆಗೆ ಎರಡು ಸಲ ಚೀರಿದಳು. ತುರ್ತು ಪರಿಸ್ಥಿತಿ, ಮುನ್ನೂರೈವತ್ತೆರಡನೆಯ ವಿಧಿ. ಹೊಸ್ತಿಲ ಮೇಲೆ ತಮ್ಮ ಮೈಲೇಶನನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದೆ. ಆ ವರ್ಷ ಅವನಿಗೆ ಇಪ್ಪತ್ತೊಂದು ತುಂಬುವುದಿತ್ತು. ಜೀವಿಸುವ ಹಕ್ಕು, ಇಪ್ಪತ್ತೊಂದನೆಯ ವಿಧಿ. ನಿಜ ಹೇಳುತ್ತೇನೆ, ಆಗ ನನಗೆ ನಗು ಬಂದಿತ್ತು.

ಮುಸ್ಸಂಜೆ ಕಟ್ಟೆಯ ಮೇಲೆ ಕೂತು ಇವನ್ನೆಲ್ಲ ಬಾಯಿಪಾಠ ಮಾಡುತ್ತಿದ್ದಾಗ ಅಜ್ಜಿ ಕೇಳಿಸಿಕೊಂಡಳು.

"ಏನ ಅನ್ನಾಕತ್ತೀ? ಅಸ್ತು ದೇವತಿಗಳು ಅಡ್ಡಾಡೋ ಹೊತ್ತಿದು. ನೀ ಅಂದದ್ದಕ್ಕ ಅಸ್ತು ಅಂತಾವ. ಬಿಡ್ತು ಅನ್ನು ಮೊದಲ!"

ಓದಿದ್ದಕ್ಕೆಲ್ಲ ಬಿಡ್ತು ಅನ್ನುತ್ತ ಕೂತರೆ ಪರೀಕ್ಷೆ ಪಾಸಾದ ಹಾಗೇ ಎಂದುಕೊಂಡು ಓದು ಮುಂದುವರಿಸಿದೆ.

ಅದಾದ ಎಂಟು ದಿನಕ್ಕೆ, ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಸೆರಗಿಗೆ ಒಲೆಯ ಬೆಂಕಿ ತಾಗಿ ಎಡಗೈ ಸುಟ್ಟಿತು. ವಾಸಿಯಾಗುವ ಗಾಯ ಎಂದರು ಡಾಕ್ಟರು. ನಾನು ಮಾತ್ರ ಮನಸ್ಸಿನೊಳಗಿನ ಚಿತ್ರಗಳನ್ನು ಎಣಿಸತೊಡಗಿದೆ. ಅಡುಗೆಮನೆಯದು ನಡೆದುಹೋಗಿತ್ತು, ಉಳಿದದ್ದು ಹೊಸ್ತಿಲು. ಮೈಲೇಶ ದಿನಾ ಗೂಡ್ಸ್ ಗಾಡಿ ಓಡಿಸಿಕೊಂಡು ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಒಯ್ಯುವವನು.

"ಸರ್, ಇಟ್ಟ ಚಿತ್ರ ಅಳಸೋದು ಹೆಂಗ್ರಿ?" ಎಂದು ಮನೋಹರ ಸರ್ ಅವರನ್ನು ಕೇಳಿದೆ.

ಅವರು ನಕ್ಕರು. "ಅಳಿಸಿಹೋದ್ರ ಅದೆಂಥಾ ಉಪಾಯ? ಅದರ ಮ್ಯಾಲ ಬ್ಯಾರೆ ಚಿತ್ರ ಇಡು."

ಅದೇ ಹೊಸ್ತಿಲ ಮೇಲೆ ಮೈಲೇಶನನ್ನು ಮದುಮಗನಾಗಿ ನಿಲ್ಲಿಸಿದೆ. ಕೊರಳಿಗೆ ಹಾರ ಹಾಕಿದೆ. ಹಾರ ಬಿದ್ದೊಡನೆ ಅವನು ಮಲಗಿಬಿಟ್ಟ. ನೂರು ಸಲ ಬಿಡ್ತು ಅಂದೆ. ಬೇಡ ಬೇಡವೆಂದು ನೆನೆಸುವುದೂ ಮತ್ತೊಮ್ಮೆ ಓದಿದಂತೆಯೇ. ಚಿತ್ರ ದಿನದಿನಕ್ಕೆ ಗಟ್ಟಿಯಾಯಿತು.

ಪರೀಕ್ಷೆ ರಾಣೇಬೆನ್ನೂರಿನಲ್ಲಿ. ಮೈಲೇಶನೇ ನನ್ನನ್ನು ಗಾಡಿಯಲ್ಲಿ ತಂದು ಬಿಟ್ಟುಹೋದ. ನಲವತ್ತನೆಯ ಪ್ರಶ್ನೆ: ಜೀವಿಸುವ ಹಕ್ಕು ಯಾವ ವಿಧಿಯಲ್ಲಿದೆ? ಖಾಲಿ ಬಿಟ್ಟು ಮುಂದೆ ಹೋದೆ. ಆ ಒಂದನ್ನು ಬರೆಯದಿದ್ದರೆ ಅವನು ಉಳಿಯುತ್ತಾನೆ ಎಂದು ಒಳಗೇ ಹರಕೆ ಹೊತ್ತ ಹಾಗೆ. ಕೊನೆಯ ಐದು ನಿಮಿಷಕ್ಕೆ ಮನಸ್ಸು ತಡೆಯಲಿಲ್ಲ. ನನಗೆ ನೌಕರಿ ಬೇಕಾಗಿತ್ತು. ಕಣ್ಣು ಮುಚ್ಚಿ ಹೊಸ್ತಿಲಿಗೆ ಹೋದೆ, ಬಟ್ಟೆ ಸರಿಸಿ ತಮ್ಮನ ಮುಖ ನೋಡಿದೆ, ಬಂದು ಉತ್ತರ ಪತ್ರಿಕೆಯ ಗುಂಡಿಯನ್ನು ಪೆನ್ನಿನಿಂದ ತುಂಬಿದೆ.

ಹೊರಗೆ ಬಂದು ಫೋನ್ ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲಕ್ಕೆ ಎತ್ತಿದ.

"ಗಾಡಿ ಹೊಡ್ಯಾಕತ್ತೇನಿ ಅಕ್ಕಾ. ಅಳಾಕತ್ತೀ ಯಾಕ? ಪೇಪರ್ ಕೆಟ್ಟೇತೇನು?"

ನಿನ್ನೆ ಆಯ್ಕೆ ಪಟ್ಟಿ ಬಂತು. ನನ್ನದೇ ಕೊನೆಯ ಹೆಸರು, ಒಂದೇ ಅಂಕದಿಂದ ಒಳಗೆ. ಅದು ಯಾವ ಪ್ರಶ್ನೆಯ ಅಂಕವೆಂದು ನನಗೆ ಗೊತ್ತು. ಮೈಲೇಶ ಪೇಢೆ ತಂದು ಊರಿಗೆಲ್ಲ ಹಂಚಿದ. ಇಂದು ಬೆಳಗ್ಗೆ ಹೋಗಬೇಡವೆಂದರೂ ಕೇಳದೆ ಗಾಡಿ ತೆಗೆದುಕೊಂಡು ಬ್ಯಾಡಗಿಗೆ ಹೋದ. ಅವನಿಗೆ ಇಪ್ಪತ್ತೆರಡು ತುಂಬಲು ಇನ್ನೂ ಐದು ತಿಂಗಳಿವೆ.