ಕುಟ್ಟಾಣಿಗೆ ಅಂಟಿದ ಕಹಿ

ಎಲೆ ಹರಿದು ಹಾಕಿಯಾಗಿತ್ತು, ಅಡಿಕೆ ಚೂರು ಬಿದ್ದಿತ್ತು. ಬೆರಳ ತುದಿಯ ಸುಣ್ಣವನ್ನು ನನ್ನ ಅಂಚಿಗೆ ಒರೆಸಿ ಶಾಕವ್ವ ಕುಟ್ಟುತ್ತಿದ್ದಳು. ಎಲೆ ಇನ್ನೂ ನುಣ್ಣಗಾಗಿರಲಿಲ್ಲ. ಅಷ್ಟರಲ್ಲಿ ಸೊಸೆ ಕಸ್ತೂರಿ ಒಲೆಯ ಮುಂದಿನಿಂದ ಎದ್ದು ಬಂದು ಕೈಯೊಡ್ಡಿದಳು.

"ಅತ್ತಿ, ಲಗೂ ಮುಗಸ್ರಿ. ಗುಳಿಗಿ ಕುಟ್ಟೂದೈತಿ."

"ನನ್ನ ಎಲಿ ಆದಮ್ಯಾಲೆ ನಿನ್ನ ಗುಳಿಗಿ."

"ನನ್ನ ಗುಳಿಗಿ ಅಲ್ರಿ ಅದು, ನಿಮ್ಮದು. ನನಗೇನ್ ಹೌಸಿ ಬಂದೈತೇನು?"

ಎಲೆಯ ಮುದ್ದೆ ಶಾಕವ್ವನ ಬಾಯಿಗೆ ಹೋಯಿತು. ಕಸ್ತೂರಿ ನನ್ನನ್ನು ಸೆರಗಿನಿಂದ ಒಮ್ಮೆ ಒರೆಸಿ ಗುಳಿಗೆ ಹಾಕಿದಳು. ಎರಡೇಟಿಗೆ ಅದು ಒಡೆಯಿತು. ಹೊರಗಿನ ಬಣ್ಣದ ಸಿಪ್ಪೆ ನನ್ನ ಗೋಡೆಗೆ ಅಂಟಿತು, ಒಳಗಿನ ಪುಡಿ ತಳದಲ್ಲಿ ಉಳಿದಿದ್ದ ಸುಣ್ಣದೊಂದಿಗೆ ಬೆರೆಯಿತು. ಬಲಿಯದ ಅಡಿಕೆಯ ಒಗರು, ಹಳಸಿದ ತಂಬಾಕಿನ ಘಾಟು ಎಲ್ಲವನ್ನೂ ಉಂಡವನು ನಾನು. ಅಂಥ ಕಹಿಯನ್ನು ಮಾತ್ರ ಅದುವರೆಗೆ ಕಂಡಿರಲಿಲ್ಲ.

ನಾನು ಒಂದು ಹಿತ್ತಾಳೆಯ ಕುಟ್ಟಾಣಿ. ಹಲ್ಲಿಲ್ಲದವರ ಹಲ್ಲು. ತಳ ತೂತಾದ ಒಂದು ಬಿಂದಿಗೆ, ಮುರಿದ ಎರಡು ದೀಪದ ಸಮೆ ಕರಗಿ ನಾನಾದೆ. ಅಚ್ಚಿನಿಂದ ತೆಗೆದಾಗ ಕಂಚುಗಾರನ ಅಂಗೈ ನನಗೆ ಮೊದಲ ತೊಟ್ಟಿಲು. ಅದೇ ಎರಕದಲ್ಲಿ ಉಳಿದ ಹಿತ್ತಾಳೆಯಿಂದ ನನ್ನ ಕುಟ್ಟುಗೋಲನ್ನೂ ಮಾಡಿದ. ನಾವಿಬ್ಬರೂ ಒಂದೇ ಬೆಂಕಿಯಿಂದ ಬಂದವರು. ಅದು ನನ್ನ ತಳ ಮುಟ್ಟಿದರೆ ಗಂಟೆ ಬಡಿದಂತೆ ಸದ್ದಾಗುತ್ತಿತ್ತು.

ನನ್ನನ್ನು ಕೊಂಡವಳು ಗುಳೇದಗುಡ್ಡದ ನೇಕಾರರ ತಿಪ್ಪವ್ವ. ಕುಪ್ಪಸದ ಖಣ ನೇಯುವ ಮನೆ ಅದು. ಕುಣಿಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಅವಳ ಇಬ್ಬರು ಹೆಣ್ಣುಮಕ್ಕಳು ಶಾಕವ್ವ ಮತ್ತು ನೀಲವ್ವ ಅಕ್ಕಪಕ್ಕದ ಮಗ್ಗಗಳಲ್ಲಿ ಕೂರುತ್ತಿದ್ದರು. ನಾನು ತಿಪ್ಪವ್ವನ ಪಕ್ಕ ನೆಲದ ಮೇಲೆ ಇರುತ್ತಿದ್ದೆ. ನನಗೆ ಮನುಷ್ಯರ ಮುಖಕ್ಕಿಂತ ಪಾದಗಳೇ ಹೆಚ್ಚು ಪರಿಚಯ. ಶಾಕವ್ವನ ಪಾದ ಗಟ್ಟಿ, ಸಾವಕಾಶ. ನೀಲವ್ವನದು ನಿಂತಲ್ಲಿ ನಿಲ್ಲದ ಪಾದ.

ಆ ಮನೆಗೆ ಆಗಾಗ ಒಬ್ಬ ಮನುಷ್ಯ ಬರುತ್ತಿದ್ದ. ಸೈಕಲ್ಲಿಗೆ ಚರ್ಮದ ಚೀಲ ಕಟ್ಟಿದ್ದ. ಡಾಕ್ಟರಿಕೆ ಓದಿದವನಲ್ಲ, ಆದರೂ ಎಲ್ಲರೂ ಅವನನ್ನು ಸೂಜಿ ಡಾಕ್ಟರ ಎನ್ನುತ್ತಿದ್ದರು. ಕೂತು ಕೂತು ಸೊಂಟ ಹಿಡಿದವರಿಗೆ, ರಕ್ತ ಕಡಿಮೆಯಾಗಿ ತಲೆ ತಿರುಗುವವರಿಗೆ ಅವನ ಕೆಂಪು ಔಷಧಿಯ ಸೂಜಿಯೇ ಗತಿ. ಓಣಿಯ ಹೆಂಗಸರೆಲ್ಲ ಸಾಲಾಗಿ ತೋಳು ತೋರಿಸುತ್ತಿದ್ದರು. ಸೂಜಿ ಮಾತ್ರ ಒಂದೇ. ಒಬ್ಬಳ ತೋಳಿನಿಂದ ತೆಗೆದು, ಅರಳೆಯಲ್ಲಿ ಒರೆಸಿ, ಇನ್ನೊಬ್ಬಳ ತೋಳಿಗೆ.

"ನನಗ ಮೊದಲ ಚುಚ್ಚ್ರಿ, ಆಮ್ಯಾಲೆ ಸೂಜಿ ಮೊಂಡ ಆಕ್ಕೈತಿ," ಎನ್ನುತ್ತಿದ್ದಳು ನೀಲವ್ವ.

"ಹಿರೇಕಿ ನಾನು. ಸರಿ ಆ ಕಡೆ," ಎಂದು ಶಾಕವ್ವ ತಂಗಿಯನ್ನು ನೂಕುತ್ತಿದ್ದಳು.

ಇಬ್ಬರೂ ನಗುತ್ತಿದ್ದರು. ಆ ನಗು ನನ್ನ ಹಿತ್ತಾಳೆಯಲ್ಲಿ ಇನ್ನೂ ಗುಂಯ್‌ಗುಡುತ್ತದೆ.

ಓಣಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಶಾಲೆ ಶುರುವಾದಾಗ ಅಕ್ಕತಂಗಿಯರು ಕೂಡಿಯೇ ಹೋಗಿ ಬರೆಯಲು ಕಲಿತರು. ಆಮೇಲೆ ಶಾಕವ್ವನನ್ನು ಊರಲ್ಲೇ ಕೊಟ್ಟರು, ನೀಲವ್ವನನ್ನು ಇಳಕಲ್ಲಿಗೆ. ತಿಪ್ಪವ್ವ ಹಾಸಿಗೆ ಹಿಡಿದಳು, ಶಾಕವ್ವನ ಮನೆಯಲ್ಲಿಯೇ ಸತ್ತಳು. ಮಣ್ಣು ಮಾಡಿ ಬಂದ ದಿನವೇ ಜಗಳ ಹತ್ತಿತು.

"ಅವ್ವಗ ಹೊತ್ತಿಗೆ ಸರಿ ಎಲಿ ಕುಟ್ಟಿ ಕೊಟ್ಟೀಯೇನ ನೀ? ಬಾಯಿ ಒಣಗಿಸಿ ಕೊಂದಿ," ಎಂದಳು ನೀಲವ್ವ.

"ಉಚ್ಚಿ ಬಳದಾಕಿ ನಾನು. ನೀ ಬಂದು ಎರಡು ದಿನ ಕುಂತು ಅತ್ತು ಹೋದಾಕಿ."

ನೀಲವ್ವ ಬಗ್ಗಿ ನನ್ನೊಳಗಿನಿಂದ ಕುಟ್ಟುಗೋಲನ್ನು ಎತ್ತಿಕೊಂಡಳು. "ಕುಟ್ಟಾಣಿ ನೀನ ಇಟಗೊ. ಏನ್ ಕುಟ್ತಿ ನೋಡ್ತೇನಿ. ನಿನ್ನ ಹೆಣಕ್ಕೂ ಬರಾಕಿ ಅಲ್ಲ ನಾನು."

ಕುಟ್ಟುಗೋಲು ಇಳಕಲ್ಲಿಗೆ ಹೋಯಿತು. ನಾನು ಇಲ್ಲಿ ಉಳಿದೆ. ಶಾಕವ್ವ ಹಳೇ ಮಗ್ಗದ ಕಬ್ಬಿಣದ ತುಂಡೊಂದನ್ನು ತಂದು ನನ್ನೊಳಗೆ ಇಟ್ಟಳು. ಅದು ಕುಟ್ಟುತ್ತಿತ್ತು, ಹಾಡುತ್ತಿರಲಿಲ್ಲ.

ವರ್ಷಗಳು ಹೋದವು. ಶಾಕವ್ವನ ಹಲ್ಲು ಹೋದವು. ನಾನು ಅವಳ ಎಲೆಚೀಲದಲ್ಲಿ ಸೇರಿ ಅವಳು ಹೋದಲ್ಲೆಲ್ಲ ಹೋದೆ. ಕಣ್ಣಿನ ಪೊರೆ ತೆಗೆಸಲು ದೊಡ್ಡಾಸ್ಪತ್ರೆಗೆ ಹೋದಾಗಲೂ ಹೋದೆ. ಕಣ್ಣಿಗೆ ಕೈ ಹಾಕುವ ಮೊದಲು ರಕ್ತ ತೆಗೆದರು. ಆ ರಕ್ತದಲ್ಲಿ ಹೆಪಟೈಟಿಸ್ ಸಿ ಎಂಬ ವೈರಸ್ ಇತ್ತು. ಎಷ್ಟೋ ವರ್ಷದಿಂದ ಅದು ಸದ್ದಿಲ್ಲದೆ ಅವಳ ಯಕೃತ್ತನ್ನು ತಿನ್ನುತ್ತ ಬಂದಿತ್ತು.

"ಎಲ್ಲಿಂದ ಬಂತು ಅಂತ ಖಾತ್ರಿ ಹೇಳಾಕ ಆಗೂದಿಲ್ಲ ಅಜ್ಜಿ," ಎಂದಳು ಡಾಕ್ಟರಮ್ಮ. "ಹಿಂದ ಒಂದ ಸೂಜಿಲೇ ಎಲ್ಲಾರಿಗೂ ಚುಚ್ಚತಿದ್ರಲ್ಲ, ಹಂಗೂ ಬಂದಿರಬಹುದು. ನಿಮ್ಮ ಜೋಡಿ ಚುಚ್ಚಿಸಿಕೊಂಡವರು ಯಾರರ ಇದ್ರ ಅವರಿಗೂ ರಕ್ತ ತೋರಸಾಕ ಹೇಳ್ರಿ. ಗುಳಿಗಿ ಸರಕಾರದ್ದು, ಪುಕ್ಕಟೆ. ದಿನಾ ಒಂದು, ಅದ ಹೊತ್ತಿಗೆ. ಆರಾಮ ಆತು ಅಂತ ನಡುವ ಬಿಡಬ್ಯಾಡ್ರಿ."

ಶಾಕವ್ವನಿಗೆ ಆ ಮಾತಿನಲ್ಲಿ ಒಂದೇ ಒಂದು ತೋಳು ಕಂಡಿತು. ಮನೆಗೆ ಬಂದವಳೇ ಕಾಗದ ಬರೆದಳು. "ತಂಗಿ ನೀಲವ್ವಗ, ಸೂಜಿ ಡಾಕ್ಟರನ ಸೂಜಿ ನನಗೂ ನಿನಗೂ ಒಂದ ಇತ್ತು. ನಿನ್ನ ರಕ್ತ ತೋರಿಸಿಕೊ." ಬರೆದು, ಮಡಚಿ, ವಿಳಾಸವನ್ನೂ ಬರೆದು, ನನ್ನ ಅಡಿಗಿಟ್ಟಳು. ನಾಳೆ ಹಾಕಿದರಾಯಿತು ಎಂದಳು.

ಆ ನಾಳೆ ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವಳ ತಾಟು ಬೇರೆಯಾಗಿತ್ತು, ಲೋಟ ಬೇರೆಯಾಗಿತ್ತು. ನನ್ನಲ್ಲಿ ಎಲೆ ಕುಟ್ಟಿಕೊಳ್ಳುತ್ತಿದ್ದ ಪಕ್ಕದ ಮನೆಯ ಗಂಗವ್ವ "ಇವತ್ತ ಎಲಿ ಬ್ಯಾಡವಾ, ಬಾಯಾಗ ಹುಣ್ಣಾಗೇತಿ" ಎಂದು ಹೊರಗಿನಿಂದಲೇ ಹೋದಳು. ಅವಳ ಹುಣ್ಣು ಇನ್ನೂ ಮಾಯ್ದಿಲ್ಲ. ಇದೇ ಗತಿ ತಂಗಿಗೂ ಆದರೆ? ನೀಲವ್ವನ ಮಗನ ಫೋನಿಗೆ ಮಾಡಿ ಹೇಳಿದರೆ ಇಡೀ ಮನೆ ಕೇಳುತ್ತದೆ. ಕಾಗದ ಹಾಕಿದರೂ, ಪಾಪದ ಫಲ ಉಣ್ಣು ಎಂದು ನೀಲವ್ವ ನಕ್ಕರೆ? ಶಾಕವ್ವ ಒಮ್ಮೊಮ್ಮೆ ನನ್ನನ್ನು ಎತ್ತಿ ಕಾಗದ ನೋಡುತ್ತಿದ್ದಳು. ಮತ್ತೆ ನನ್ನನ್ನು ಅದರ ಮೇಲೆಯೇ ಇಡುತ್ತಿದ್ದಳು.

ಇನ್ನು ಗುಳಿಗೆ. ಅದು ಸ್ವಲ್ಪ ದೊಡ್ಡದು. ಮೊದಲ ದಿನ ಗಂಟಲಿಗೆ ಸಿಕ್ಕಿ ಶಾಕವ್ವ ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದಳು. ಕಸ್ತೂರಿಗೆ ಹೆದರಿಕೆಯಾಯಿತು. ಹಲ್ಲಿಲ್ಲದವರಿಗೆ ಎಲ್ಲವನ್ನೂ ಕುಟ್ಟಿಯೇ ಕೊಡುವ ಮನೆ ಅದು. ಗುಳಿಗೆಯನ್ನೂ ಕುಟ್ಟಿದಳು. ಪ್ರೀತಿಯಿಂದಲೇ ಕುಟ್ಟಿದಳು, ಬೆಲ್ಲ ಕಲೆಸಿ ಕೊಟ್ಟಳು. ಆ ಕಹಿ ಬೆಲ್ಲಕ್ಕೆ ಬಗ್ಗುವ ಕಹಿಯಲ್ಲ. ಶಾಕವ್ವ ಅರ್ಧ ನುಂಗುತ್ತಿದ್ದಳು, ಅರ್ಧ ಬಚ್ಚಲಿಗೆ ಉಗುಳುತ್ತಿದ್ದಳು. ನನ್ನ ಗೋಡೆಗೆ ಉಳಿದದ್ದು ನನಗೆ. ಎದೆ ಉರಿಯುತ್ತದೆ ಎಂದು ಮೇಲೆ ಅಂಗಡಿಯ ನೊರೆ ಬರುವ ಪುಡಿಯನ್ನೂ ನೀರಿಗೆ ಹಾಕಿ ಕುಡಿಯುತ್ತಿದ್ದಳು. ಆಸ್ಪತ್ರೆಯಲ್ಲಿ ಯಾರೂ ಹೇಗೆ ನುಂಗುತ್ತೀರಿ ಎಂದು ಕೇಳಲಿಲ್ಲ. ಇವರೂ ಹೇಳಲಿಲ್ಲ. ನನಗೆ ಬಾಯಿ ಇದೆ, ಮಾತಿಲ್ಲ.

ಮೂರು ತಿಂಗಳ ಗುಳಿಗೆ ಮುಗಿಯಿತು. ಮತ್ತೆ ಮೂರು ತಿಂಗಳಿಗೆ ರಕ್ತ ನೋಡಿದರು. ವೈರಸ್ ಇದ್ದಲ್ಲಿಯೇ ಇತ್ತು.

"ಒಂದ ದಿನಾನೂ ತಪ್ಪಿಸಿಲ್ರಿ," ಎಂದಳು ಕಸ್ತೂರಿ. "ನಾನ ಕುಟ್ಟಿ ಕೊಟ್ಟೇನಿ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದಳು. "ಕುಟ್ಟಿ? ಎದರಾಗ?"

ಶಾಕವ್ವ ಚೀಲಕ್ಕೆ ಕೈ ಹಾಕಿ ನನ್ನನ್ನು ತೆಗೆದು ಮೇಜಿನ ಮೇಲಿಟ್ಟಳು. ಹುಟ್ಟಿದ ಮೇಲೆ ಅಷ್ಟು ಎತ್ತರದಲ್ಲಿ ನಾನು ಕೂತದ್ದು ಅದೇ ಮೊದಲು. ಡಾಕ್ಟರಮ್ಮ ನನ್ನನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದಳು. ಬೆರಳಿನಿಂದ ಗೋಡೆ ಒರೆಸಿದಳು. ಬಿಳಿ ಹತ್ತಿತು.

"ಸುಣ್ಣೇನ್ರಿ ಇದು?"

"ಸುಣ್ಣಾನೂ ಐತಿ, ನಿಮ್ಮ ಗುಳಿಗೀನೂ ಐತಿ," ಎಂದಳು ಶಾಕವ್ವ. "ನನಗ ಹಲ್ಲಿಲ್ಲಬೇ."

"ಗುಳಿಗಿಗೆ ಹಲ್ಲು ಬ್ಯಾಡ ಅಜ್ಜಿ. ನೀರು ಸಾಕು."

ಮತ್ತೇನೇನು ಕೊಟ್ಟಿರಿ ಎಂದು ಕೇಳಿದ್ದಕ್ಕೆ ಕಸ್ತೂರಿ ಬೆಲ್ಲವನ್ನೂ ಎದೆ ಉರಿಗೆ ಕುಡಿದ ನೊರೆ ಬರುವ ಪುಡಿಯನ್ನೂ ಹೇಳಿದಳು. ಆಮೇಲೆ ಡಾಕ್ಟರಮ್ಮ ಸಾವಕಾಶ ಹೇಳಿದಳು. "ನಾವೂ ಕೇಳಬೇಕಿತ್ತು. ಈ ಗುಳಿಗಿ ಕುಟ್ಟಬಾರದು, ಅಗೀಬಾರದು. ಇಡೀದ ನುಂಗಬೇಕು. ಎದಿ ಉರಿ ಪುಡಿ ಇದರ ಜೋಡಿ ತಗೊಂಡ್ರ ಗುಳಿಗಿ ಮೈಗೆ ಹತ್ತೂದಿಲ್ಲ. ಸುಣ್ಣ ಏನ್ ಮಾಡತದ ಅಂತ ನನಗೂ ಗೊತ್ತಿಲ್ಲ, ಅದನ್ನೂ ದೂರ ಇಡ್ರಿ. ಬೇರು, ಕಷಾಯ, ಅಂಗಡಿ ಔಷಧ, ಏನ ತಗೊಳ್ಳೂದಿದ್ರೂ ಮೊದಲ ನನ್ನ ಕೇಳ್ರಿ. ಮತ್ತ ಇದು ಒಂದ ತಾಟಿನಾಗ ಉಂಡ್ರ ಬರೂ ಜಡ್ಡಲ್ಲ. ರಕ್ತದಿಂದ ಬರತದ. ಬ್ಲೇಡು, ಹಲ್ಲುಜ್ಜೂ ಬ್ರಷ್ಷು ಬ್ಯಾರೆ ಇರಲಿ, ತಾಟು ಬ್ಯಾಡ."

ಕಸ್ತೂರಿ ನೆಲ ನೋಡಿದಳು. ಅವಳ ಹೆಬ್ಬೆರಳು ಚಪ್ಪಲಿಯೊಳಗೆ ಮುದುಡಿತು. ಒಳ್ಳೆಯದನ್ನೇ ಮಾಡಿದೆನೆಂದು ತಿಳಿದವರಿಗೆ ಆಗುವ ನೋವಿಗೆ ಮದ್ದಿಲ್ಲ.

ಎರಡನೆಯ ಸಲದ ಔಷಧಿ ಇನ್ನೂ ಹೆಚ್ಚು ತಿಂಗಳಿನದಾಗಿತ್ತು. ಜೊತೆಗೆ ಇನ್ನೊಂದು ಗುಳಿಗೆಯೂ ಇತ್ತು. ಅದು ರಕ್ತ ಕಡಿಮೆ ಮಾಡುತ್ತದೆಂದು ಪದೇ ಪದೇ ಹೋಗಿ ತೋರಿಸಬೇಕಿತ್ತು. ಶಾಕವ್ವ ಮೆಟ್ಟಿಲು ಹತ್ತಲಾರದೆ ಅಲ್ಲಲ್ಲೇ ಕೂರುತ್ತಿದ್ದಳು. ಆದರೆ ಹೊತ್ತಿಗೆ ಸರಿಯಾಗಿ ಕಸ್ತೂರಿ ಎದುರು ಕೂರುತ್ತಿದ್ದಳು. ಡಬ್ಬಿಯ ಮುಚ್ಚಳ ತೆಗೆದು ಗುಳಿಗೆ ಕೊಟ್ಟು ಮತ್ತೆ ಬಿಗಿಯಾಗಿ ಮುಚ್ಚುತ್ತಿದ್ದಳು. ನಾಲಗೆಯ ಮೇಲೆ ಗುಳಿಗೆ, ಒಂದು ಗುಟುಕು ನೀರು, ಗದ್ದ ಎದೆಗೆ. ಹೋಗದಿದ್ದರೆ ಮೆತ್ತಗಿನ ಬಾಳೆಹಣ್ಣಿನ ತುಂಡಿನ ಜೊತೆ.

"ಇಳೀತೇನ್ರಿ?"

"ಇಳೀತು ಮಾರಾಯ್ತಿ. ಬಾಯಿ ತಗದು ತೋರಸಲೇನು?"

"ತೋರಸ್ರಿ ಮತ್ತ."

ತಾಟು ಒಳಗೆ ಬಂತು. ನನ್ನ ಕೆಲಸ ಮಾತ್ರ ನಿಂತಿತು. ಹುಣಿಸೆಹಣ್ಣು ಹಚ್ಚಿ ತಿಕ್ಕಿ ನನ್ನನ್ನು ಮೂಲೆಗಿಟ್ಟರು, ಕಾಗದದ ಮೇಲೆ.

ಕೊನೆಗೆ ವೈರಸ್ ಹೋಯಿತು. ಆದರೆ ಅದು ತಿಂದ ಜಾಗ ತುಂಬಲಿಲ್ಲ. ಯಕೃತ್ತು ಗಟ್ಟಿಯಾಗಿದೆ, ಇರುವತನಕ ಆಗಾಗ ಬಂದು ನೋಡಿಸಬೇಕು ಎಂದರು. ಮೊದಲೇ ಸರಿಯಾಗಿ ನುಂಗಿದ್ದರೆ ಇಷ್ಟಾಗುತ್ತಿರಲಿಲ್ಲವೋ ಏನೋ ಎಂದು ಯಾರೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಮನೆಯಲ್ಲಿ ತುಂಬಿಕೊಂಡಿತ್ತು.

ಆಗಲೂ ಕಾಗದ ನನ್ನ ಅಡಿಯಲ್ಲೇ ಇತ್ತು. ನನ್ನ ತಳದ ದುಂಡನೆಯ ಹಸಿರು ಗುರುತು ಅದಕ್ಕೆ ಮೂಡಿತ್ತು.

ಮೊನ್ನೆ ಗಂಗವ್ವ ಬಾಗಿಲಲ್ಲಿ ನಿಂತಳು. "ಇಳಕಲ್ಲಿಗೆ ಹೋಗಿದ್ನಿ ಶಾಕಕ್ಕ. ನಿನ್ನ ತಂಗಿಗೆ ಕಾಮಾಲಿ ಆಗೇತಂತ. ಹೊಟ್ಟಿ ಉಬ್ಬೇತಿ. ಬೇರು ಕಟ್ಟಿಸ್ಯಾರ, ಅದ್ಯಾವದೋ ಕಷಾಯ ಕುಡಸಾಕತ್ಯಾರ."

ಶಾಕವ್ವ ಗೋಡೆ ಹಿಡಿದು ಮೂಲೆಗೆ ಬಂದಳು. ನನ್ನನ್ನು ಎತ್ತಿ ಪಕ್ಕಕ್ಕಿಟ್ಟಳು. ಕಾಗದ ಬಿಡಿಸಿ ಹಳೆಯ ಸಾಲುಗಳ ಕೆಳಗೆ ಬರೆದಳು. ಬರೆಯುತ್ತ ಬರೆಯುತ್ತ ಓದಿದಳು, ನನಗೆ ಕೇಳಿಸಿತು.

"ಬೇರು ತಗದು ಒಗಿ. ಕಷಾಯ ಬಿಡು. ದೊಡ್ಡಾಸ್ಪತ್ರಿಗೆ ಹೋಗು, ನಾನೂ ಬರತೇನಿ. ಗುಳಿಗಿ ಕೊಡತಾರ. ಕುಟ್ಟಬ್ಯಾಡ, ಇಡೀದು ನುಂಗು. ಏನ್ ತಗೊಂಡ್ರೂ ಡಾಕ್ಟರನ್ನ ಕೇಳಿ ತಗೊ. ನನ್ನ ಹೆಣಕ್ಕ ಬರಬ್ಯಾಡ, ನಾ ಇದ್ದಾಗ ಬಾ. ಕುಟ್ಟುಗೋಲು ನಿನ್ನ ಹಂತೇಕ ಇರಲಿ."

ಕಸ್ತೂರಿ ಬಂದು, "ಕೊಡ್ರಿ ಅತ್ತಿ, ನಾ ಹಾಕಿ ಬರತೇನಿ. ಫೋನೂ ಹಚ್ಚತೇನಿ ಅವರ ಮಗನಿಗೆ," ಎಂದಳು.

"ಫೋನ್ ಹಚ್ಚು. ಕಾಗದ ನಾನ ಹಾಕ್ತೇನಿ."

ಅಭ್ಯಾಸಬಲದಿಂದ ನನ್ನನ್ನೂ ಚೀಲಕ್ಕೆ ಹಾಕಿಕೊಂಡಳು. ಮುದುಕ ಕುಟ್ಟಾಣಿ ನಾನು. ತಳ ಸವೆದಿದೆ, ಅಂಚು ಸೊಟ್ಟಗಾಗಿದೆ. ಎಷ್ಟೋ ಎಲೆಯನ್ನು ನುಣ್ಣಗೆ ಮಾಡಿದ್ದೇನೆ. ಆದರೆ ಈಚೆಗೆ ನಾನು ಬಹಳ ದಿನ ಮಾಡಿದ ಕೆಲಸವೆಂದರೆ ಒಂದು ಹಗುರ ಕಾಗದ ಹಾರದಂತೆ ಅದರ ಮೇಲೆ ಭಾರವಾಗಿ ಕೂತದ್ದು. ಹಾರಬೇಕಾದ ಕಾಗದವಾಗಿತ್ತು ಅದು.

ಅಂಚೆ ಕಚೇರಿಯ ಮುಂದೆ ಅವಳ ಪಾದಗಳು ನಿಂತವು. ಕೆಂಪು ಡಬ್ಬಿಯ ಬಾಯೊಳಗೆ ಕೈ ಹೋಯಿತು. ಬೆರಳುಗಳು ಕಾಗದವನ್ನು ಇನ್ನೂ ಹಿಡಿದೇ ಇದ್ದವು.

"ನೀಲಿ," ಎಂದಳು ಶಾಕವ್ವ.

ಆಮೇಲೆ ಬಿಟ್ಟಳು.