ರೇಣವ್ವನ ಹೆಸರಿನ ಚೀಟಿ

ಫಾರಂನ ಏಳನೇ ಸಾಲಿನಲ್ಲಿ ‘ನಿಮ್ಮ ಆಸ್ಪತ್ರೆಯಲ್ಲಿ ಹಾಸಿಗೆಗಳು ಎಷ್ಟು?’ ಎಂದು ಕೇಳಿತ್ತು. ಅನ್ನಪೂರ್ಣಳಿಗೆ ಮೈಯೆಲ್ಲ ಉರಿದುಹೋಯಿತು. ಬಿ.ಟಿ.ಎಂ. ಲೇಔಟಿನ ಅವಳ ಒಂಟಿ ಕೋಣೆಯಲ್ಲಿದ್ದದ್ದು ಒಂದು ಕಂಪ್ಯೂಟರು, ಒಂದು ಚಾಪೆ. ಹಾಸಿಗೆ ಅಂತ ಒಂದೂ ಇರಲಿಲ್ಲ.

‘ಕ್ಷೇಮ’ ಎಂಬುದು ಆಸ್ಪತ್ರೆಗಳು ಬಳಸುವ ಸಾಫ್ಟ್‌ವೇರು. ಅದನ್ನು ಮಾಡಿದ ಕಂಪನಿ ಜೆ.ಪಿ. ನಗರದಲ್ಲಿತ್ತು. ಅದಕ್ಕೆ ಜೋಡಿಸುವ ಸಣ್ಣಪುಟ್ಟ ಪ್ರೋಗ್ರಾಂಗಳನ್ನು ಹೊರಗಿನವರು ಯಾರಾದರೂ ಬರೆಯಬಹುದಿತ್ತು. ಬರೆದವರನ್ನು ‘ಪಾರ್ಟ್‌ನರ್’ ಎಂದು ಕರೆದು ಕಂಪನಿ ಒಂದು ಕೀಲಿ ಸಂಖ್ಯೆ ಕೊಡುತ್ತಿತ್ತು. ಅದಿಲ್ಲದೆ ಪ್ರೋಗ್ರಾಂ ನಡೆಯದು. ಬೇಡವೆನಿಸಿದರೆ ಬರೆದವರೇ ತಮ್ಮ ಕೀಲಿಯನ್ನು ಹಿಂದಕ್ಕೆ ಪಡೆಯಲೂಬಹುದಿತ್ತು; ಆಮೇಲೆ ಕಂಪನಿಯೂ ಆ ಪ್ರೋಗ್ರಾಂ ನಡೆಸುವಂತಿರಲಿಲ್ಲ.

ಅನ್ನಪೂರ್ಣ ಬರೆದದ್ದು ಮಾತ್ರೆಯ ಕವರಿಗೆ ಅಂಟಿಸುವ ಕನ್ನಡ ಚೀಟಿ. ಬೆಳಿಗ್ಗೆ ಅರ್ಧ, ರಾತ್ರಿ ಊಟವಾದ ಮೇಲೆ ಒಂದು, ಹೀಗೆ. ಅವಳ ತಾಯಿ ರೇಣವ್ವ, ಕವರಿನ ಮೇಲಿನ ಇಂಗ್ಲಿಷ್ ಓದಲು ಬಾರದೆ, ಬಿ.ಪಿ. ಮಾತ್ರೆಯನ್ನು ಎರಡೆರಡು ಸಲ ನುಂಗಿ ಬಚ್ಚಲಲ್ಲಿ ಬಿದ್ದಿದ್ದಳು. ಆಮೇಲೆ ಅನ್ನಪೂರ್ಣ ಹಟ ಹಿಡಿದು ಬರೆದದ್ದು ಇದು. ಬಿಳೇಕಹಳ್ಳಿಯ ಡಾಕ್ಟರ್ ಸಿದ್ದಗಂಗಮ್ಮನವರ ಕ್ಲಿನಿಕ್ಕಿನಲ್ಲಿ ಒಂದು ವರ್ಷದಿಂದ ದಿನಾ ಆ ಚೀಟಿ ಅಚ್ಚಾಗುತ್ತಿತ್ತು.

೨೦೦೫ರಲ್ಲಿ ಕಂಪನಿಗೆ ಇದ್ದಕ್ಕಿದ್ದಂತೆ ಬುದ್ಧಿ ಬಂತು. ‘ಕ್ಷೇಮ’ವನ್ನು ದುಡ್ಡು ಕೊಟ್ಟು ಕೊಂಡವರು ಮಾತ್ರ ಇನ್ನು ಪಾರ್ಟ್‌ನರ್, ಉಳಿದವರ ಕೀಲಿ ಜೂನ್ ಒಂದಕ್ಕೆ ರದ್ದು. ಆಸ್ಪತ್ರೆಯೇ ಇಲ್ಲದವರು ಆಸ್ಪತ್ರೆಯ ಸಾಫ್ಟ್‌ವೇರು ಕೊಳ್ಳಬೇಕಂತೆ! ಓಲಗ ಊದುವವನೇ ಛತ್ರ ಬುಕ್ ಮಾಡಬೇಕು ಎಂದ ಹಾಗಾಯಿತು. ಮಕ್ಕಳ ಲಸಿಕೆಯ ತಾರೀಖು ನೆನಪಿಸುವ ಚೀಟಿ ಬರೆದಿದ್ದ ಬನಶಂಕರಿಯ ನಿಂಗರಾಜನಿಗೂ ಕೊಳ್ಳುವವರು ತುಂಬಬೇಕಾದ ಇದೇ ಫಾರಂ ಬಂದಿತ್ತು. ಇಬ್ಬರೂ ತುಂಬಲಿಲ್ಲ.

ಒಂದನೇ ತಾರೀಖು ಬೆಳಿಗ್ಗೆ ಕ್ಲಿನಿಕ್ಕಿನ ಕಾಂಪೌಂಡರ್ ದಾಸಪ್ಪ ಫೋನ್ ಮಾಡಿದರು.

“ಮೇಡಂ, ಚೀಟೀಲಿ ಹೆಸರು, ವಯಸ್ಸು ಮಾತ್ರ ಬರ್ತಿದೆ. ಕೆಳಗೆ ‘ನೋಂದಣಿ ರದ್ದಾಗಿದೆ’ ಅಂತಿದೆ. ಒಬ್ರು ಅಜ್ಜಿ ತಮ್ಮ ಹೆಸರೇ ರದ್ದಾಯ್ತು ಅಂದ್ಕೊಂಡು ಅಳ್ತಾ ಕೂತವ್ರೆ. ಎಲ್ಲಾ ಕೈಯಲ್ಲೇ ಬರ್ಕೊಡ್ತಿದೀನಿ.”

ಆವತ್ತು ಜಯನಗರದ ಒಂದು ಹಾಲಿನಲ್ಲಿ ಕಂಪನಿಯವರು ವೈದ್ಯರಿಗೆ ‘ಕ್ಷೇಮ’ವನ್ನು ತೋರಿಸುವವರಿದ್ದರು. ಅನ್ನಪೂರ್ಣ ಅಲ್ಲಿಗೇ ಹೋಗಿ, ಮ್ಯಾನೇಜರ್ ವಿಜಯಕುಮಾರ್ ಅವರನ್ನು ಬಾಗಿಲಲ್ಲೇ ಅಡ್ಡಗಟ್ಟಿದಳು.

“ನೋಡಿ ಮೇಡಂ,” ಎಂದರು ಅವರು, “ದುಡ್ಡು ಕೊಟ್ಟು ತಗೊಂಡೋರಿಗೆ ಅದರ ಕಷ್ಟ ಸುಖ ಗೊತ್ತಿರುತ್ತೆ. ಸುಮ್ನೆ ಬರ್ಯೋರು ಅರ್ಧಕ್ಕೆ ಕೈಬಿಟ್ಟು ಹೋಗ್ತಾರೆ, ಬೈಗುಳ ನಮಗೆ. ನೀವು ಸೀರಿಯಸ್ಸಾ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?”

ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಹಾಗೆ ಕೈಬಿಟ್ಟು ಹೋದವರನ್ನು ಅವಳೂ ಕಂಡಿದ್ದಳು. ಆದರೆ ಒಂದು ವರ್ಷ ಅವಳ ಕೆಲಸ ಕಣ್ಣೆದುರು ನಡೆದಿದ್ದರೂ ಈಗ ‘ಹೇಗೆ ಗೊತ್ತಾಗ್ಬೇಕು’ ಎಂದರೆ ಏನನ್ನೋಣ? ಅವಳು ಹಲ್ಲು ಕಚ್ಚಿಕೊಂಡು ಹಿಂದಿನ ಸಾಲಿನಲ್ಲಿ ಕೂತಳು.

“ನಮ್ಮ ‘ಕ್ಷೇಮ’ ಕನ್ನಡದಲ್ಲೂ ಮಾತಾಡುತ್ತೆ, ನೋಡಿ,” ಎಂದು ವಿಜಯಕುಮಾರ್ ಗುಂಡಿ ಒತ್ತಿದರು. ಪ್ರಿಂಟರ್ ಕಿರುಗುಟ್ಟಿತು. ಮುಂದೆ ಕೂತಿದ್ದ ವೈದ್ಯರೊಬ್ಬರು ಚೀಟಿ ತೆಗೆದು ಗಟ್ಟಿಯಾಗಿ ಓದಿದರು.

“ರೇಣವ್ವ, ಅರವತ್ತೆರಡು ವರ್ಷ. ನೋಂದಣಿ ರದ್ದಾಗಿದೆ.”

ಹಾಲ್ ಗೊಳ್ಳೆಂದಿತು. ಅನ್ನಪೂರ್ಣ ನಗಲಿಲ್ಲ. ಪ್ರೋಗ್ರಾಂ ಪರೀಕ್ಷಿಸಲು ರೋಗಿಯೊಬ್ಬರ ಹೆಸರು ಬೇಕಿತ್ತು, ಅವಳು ಅವ್ವನ ಹೆಸರನ್ನೇ ಹಾಕಿದ್ದಳು. ಅದನ್ನು ಅಳಿಸುವ ಸೌಜನ್ಯವೂ ಇಲ್ಲದೆ ಇವರು ಅವಳ ಚೀಟಿ ತೋರಿಸಿಯೇ ವ್ಯಾಪಾರ ಮಾಡುತ್ತಿದ್ದರು! ಎಲ್ಲರ ಕೀಲಿ ಕಿತ್ತುಕೊಳ್ಳುವ ಭರದಲ್ಲಿ, ತಮ್ಮ ಡೆಮೊ ನಿಂತಿರುವುದೂ ಅವಳ ಕೀಲಿಯ ಮೇಲೆಯೇ ಎಂಬುದನ್ನು ಮರೆತಿದ್ದರು.

ವಿಜಯಕುಮಾರ್ ಬೆವರು ಒರೆಸಿಕೊಂಡು ಅವಳ ಹತ್ತಿರ ಬಂದರು. “ಮೇಡಂ, ಸ್ವಲ್ಪ ನೋಡ್ತೀರಾ?”

“ನಾನ್ಯಾಕ್ ಸಾರ್ ನೋಡ್ಲಿ? ನಾನು ನಿಮ್ಮ ಕಸ್ಟಮರ್ ಅಲ್ವಲ್ಲ.”

“ನಿಮ್ದು ಇವತ್ತೇ ಓಪನ್ ಮಾಡಿಸ್ತೀನಿ.”

“ಎಲ್ಲರದ್ದೂ ಮಾಡ್ಸಿ.”

“ಆಯ್ತು, ಆಯ್ತು, ಎಲ್ಲರದ್ದೂ.”

ಅವಳು ಆಟೊ ಹತ್ತಿ ನೇರ ಬಿಳೇಕಹಳ್ಳಿಗೆ ಹೋಗಿ, ದಾಸಪ್ಪನವರ ಪಕ್ಕ ಕೂತು ತಾನೂ ಚೀಟಿ ಬರೆಯತೊಡಗಿದಳು. ಸಂಜೆ ನಾಲ್ಕರ ಹೊತ್ತಿಗೆ ಪ್ರಿಂಟರಿನಿಂದ ಪೂರ್ತಿ ಚೀಟಿ ಹೊರಬಂತು. ದಾಸಪ್ಪ ಉಸ್ಸೆಂದು ಬೆರಳು ನೆಟಿಗೆ ತೆಗೆದರು. ಅವಳು ನಿಂಗರಾಜನಿಗೆ ಫೋನ್ ಮಾಡಿದಳು.

“ನಿಂದು ಶುರು ಆತೇನೋ?”

“ಇಲ್ಲಕ್ಕ. ರದ್ದು ಅಂತನ ಬರಾಕತ್ತೈತಿ.”

ಇಷ್ಟು ಸಿಟ್ಟು ಅವಳಿಗೆ ಬೆಳಿಗ್ಗೆಯೂ ಬಂದಿರಲಿಲ್ಲ. ವಿಜಯಕುಮಾರ್ ಅವರಿಗೆ ಫೋನ್ ಹಚ್ಚಿದಳು.

“ನಿಮ್ದು ಸರಿ ಹೋಯ್ತಲ್ಲ ಮೇಡಂ? ನಾಳೆ ಬನಶಂಕರೀಲಿ ಡೆಮೊ ಇದೆ, ಸ್ವಲ್ಪ ನೋಡ್ಕೊಳಿ. ಬೇರೆಯವರದ್ದೆಲ್ಲ ನಿಮಗ್ಯಾಕೆ?”

ಅವಳು ಫೋನ್ ಕೆಳಗಿಟ್ಟು ಡಾಕ್ಟರ ಕಡೆ ತಿರುಗಿ ವಿಷಯ ಹೇಳಿದಳು. “ನನ್ನ ಕೀಲಿ ನಾನೇ ತೆಗೀಬೇಕು ಅಂತಿದೀನಿ ಮೇಡಂ. ನಿಮಗೆ ಕಷ್ಟ ಆಗುತ್ತೆ.”

ಸಿದ್ದಗಂಗಮ್ಮ ಕನ್ನಡಕದ ಮೇಲಿಂದ ನೋಡಿದರು. “ತೆಗೀರಮ್ಮ. ಇಲ್ಲೂ ಬೆಳಿಗ್ಗೆಯಿಂದ ಲಸಿಕೆ ಚೀಟಿಯಿಲ್ದೆ ಮಕ್ಕಳ ತಾಯಂದ್ರು ಒದ್ದಾಡ್ತಿದಾರೆ. ಮಾತ್ರೆದು ನಾನೂ ಬರೀತೀನಿ.”

ಅನ್ನಪೂರ್ಣ ಅಲ್ಲಿನ ಕಂಪ್ಯೂಟರಿನಲ್ಲೇ ಕಂಪನಿಯ ಪುಟ ತೆರೆದು ತನ್ನ ಕೀಲಿಯನ್ನು ಹಿಂದಕ್ಕೆ ಪಡೆದಳು. ಮತ್ತೆ ವಿಜಯಕುಮಾರ್ ಅವರಿಗೆ ಫೋನ್ ಹಚ್ಚಿದಳು.

“ಸಾರ್, ಇಲ್ಲಿ ನಾವು ಕೈಯಲ್ಲಿ ಬರ್ಕೋತೀವಿ. ನಾಳೆ ನಿಮ್ಮ ಡೆಮೊದಲ್ಲಿ ನಮ್ಮವ್ವನ ಚೀಟಿ ಯಾರ್ ಬರೀತಾರೋ ನೀವು ನೋಡ್ಕೊಳಿ.”

ಫೋನ್ ಇಟ್ಟು, ಪೆನ್ನು ತೆಗೆದುಕೊಂಡು, ಕ್ಯೂನಲ್ಲಿದ್ದವರನ್ನು ಕರೆದಳು.

“ಮುಂದಿನವ್ರು ಬನ್ನಿ. ನಿಮ್ಮ ಹೆಸರೇನು?”